ಬೈದರೆ ಒಬ್ಬ ಓಡುತ್ತಾನೆ, ಒಬ್ಬ ನಿಂತುಬಿಡುತ್ತಾನೆ: ಮಕ್ಕಳಿಗೆ ಬಿಗಿಯಾಗಿ ಆಟ ಕಲಿಸುವವರಿಗೊಂದು ಸಮಗ್ರ ಮಾರ್ಗದರ್ಶಿ

ಶಾಲೆ ಶುರುವಾಗಿ ತಿಂಗಳೆರಡು ಕಳೆಯುವಷ್ಟರಲ್ಲಿ ತುಮಕೂರು ಜಿಲ್ಲೆಯ ಹೈಸ್ಕೂಲು ಮೈದಾನಗಳಲ್ಲಿ ಸೀಟಿಯ ಸದ್ದು ಏರುತ್ತದೆ. ಮೊದಲು ಹೋಬಳಿ ಮಟ್ಟ, ಆಮೇಲೆ ತಾಲ್ಲೂಕು, ಆಮೇಲೆ ಜಿಲ್ಲೆ. ಶಿರಾ, ಪಾವಗಡ, ಕೊರಟಗೆರೆ ಮಕ್ಕಳಿಗೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ತಿಪಟೂರು, ಗುಬ್ಬಿ, ಕುಣಿಗಲ್ ಮಕ್ಕಳಿಗೆ ತುಮಕೂರು. ಸೀಟಿಯ ಜೊತೆ ಬೈಗುಳವೂ ಏರುತ್ತದೆ. "ಬೆಳಿಗ್ಗೆ ಏನು ತಿಂದ್ಕೊಂಡು ಬಂದ್ಯೋ, ಕಾಲೇ ಎತ್ತಲ್ವಲ್ಲ!" ಈ ಒಂದೇ ಮಾತಿಗೆ ಒಬ್ಬ ಹುಡುಗ ಹಲ್ಲು ಕಚ್ಚಿ ಮುಂದಿನ ಸುತ್ತನ್ನು ಚುರುಕಾಗಿ ಓಡುತ್ತಾನೆ. ಪಕ್ಕದವನು ಮಾರನೆಯ ದಿನದಿಂದ ಹೊಟ್ಟೆನೋವು ಅಂತ ಮನೆಯಲ್ಲೇ ಉಳಿಯುತ್ತಾನೆ. (ಅವನು ಬೆಳಿಗ್ಗೆ ನಿಜಕ್ಕೂ ಏನೂ ತಿಂದಿರಲಿಲ್ಲ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ.)

ಈ ಬರಹ ಪಿ.ಟಿ. ಮೇಷ್ಟ್ರುಗಳಿಗೆ, ಕ್ಲಬ್ಬು ನಡೆಸುವ ಕೋಚ್‌ಗಳಿಗೆ, ಸಂಜೆ ಬಂದು ಕಿರಿಯರಿಗೆ ಖೋ ಖೋ, ಕಬಡ್ಡಿ ಹೇಳಿಕೊಡುವ ಹಳೆಯ ಆಟಗಾರರಿಗೆ. ಹತ್ತರಿಂದ ಹದಿನೇಳು ವಯಸ್ಸಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬಿಗಿಯೇ ಬೇಡ ಅನ್ನುವವನು ನಾನಲ್ಲ. ಬಿಗಿ ಇಲ್ಲದ ಮೈದಾನದಲ್ಲಿ ಮಕ್ಕಳು ಆಟ ಕಲಿಯುವ ಮೊದಲೇ ಬೇಸರ ಕಲಿಯುತ್ತಾರೆ. ಆದರೆ ಆ ಬಿಗಿಯನ್ನು ಬಾಯಲ್ಲಿಡಬೇಕೋ ಕೆಲಸದಲ್ಲಿಡಬೇಕೋ, ಯಾವ ಮಗುವಿಗೆ ಎಷ್ಟು, ಯಾವಾಗ ಅನ್ನುವುದನ್ನು ನಾವು ಯಾರೂ ಕೂತು ಯೋಚಿಸುವುದಿಲ್ಲ. ನಮಗೆ ಕಲಿಸಿದವರು ಹೇಗಿದ್ದರೋ ಹಾಗೇ ಆಗಿಬಿಡುತ್ತೇವೆ.

1. ಮೊದಲು ಗೆರೆ ಎಳೆದುಕೊಳ್ಳಿ

ಬಿಗಿ ಅಂತ ನಾವು ಕರೆಯುವುದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ. ಐದೂವರೆ ಅಂದರೆ ಐದೂವರೆಗೇ ಬರಬೇಕು, ವಾರ್ಮ್ ಅಪ್ ಪೂರ್ತಿ ಮಾಡಬೇಕು, ರಿಲೇ ಓಟದ ಬ್ಯಾಟನ್ ಬದಲಾವಣೆ ಸರಿಹೋಗುವವರೆಗೆ ಮನೆಗೆ ಹೋಗುವಂತಿಲ್ಲ: ಇದು ನಿಯಮದ ಬಿಗಿ. ದನಿ ಏರಿಸುವುದು, ಗದರುವುದು ಎರಡನೆಯದು. ಮೂರನೆಯದು ಹೊಡೆಯುವುದು, ಬಿಸಿಲಲ್ಲಿ ಮಂಡಿಯೂರಿಸುವುದು, ಮೈಬಣ್ಣ, ದಪ್ಪ, ಜಾತಿ, ಅಪ್ಪನ ಕಸುಬು ಎತ್ತಿ ಆಡುವುದು.

ಮೂರನೆಯದಕ್ಕೆ ಇಲ್ಲಿ ಚರ್ಚೆಯೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಮಗುವಿನ ಹೊಣೆ ಹೊತ್ತವರೇ ಕ್ರೌರ್ಯ ತೋರಿದರೆ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಮಕ್ಕಳ ಸಹಾಯವಾಣಿ 1098 ಅನ್ನುವುದು ನಿಮ್ಮ ತಂಡದ ಪ್ರತಿ ಮಗುವಿಗೂ ಗೊತ್ತಿರಲಿ. ನೀವೇ ಹೇಳಿಕೊಟ್ಟರೆ ನಿಮ್ಮ ಮೇಲಿನ ನಂಬಿಕೆ ಹೆಚ್ಚುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ.

ಮೊದಲನೆಯದನ್ನು ಎಷ್ಟು ಬೇಕಾದರೂ ಇಟ್ಟುಕೊಳ್ಳಿ. ಎಲ್ಲರಿಗೂ ಒಂದೇ ಆಗಿದ್ದರೆ ಮಕ್ಕಳು ಅದನ್ನು ಸಿಟ್ಟೆಂದು ಎಣಿಸುವುದಿಲ್ಲ. ನಮ್ಮ ರಾಹುಲ್ ದ್ರಾವಿಡ್ ಜೂನಿಯರ್ ತಂಡದ ಕೋಚ್ ಆಗಿದ್ದಾಗ, ಒಬ್ಬ ಆಟಗಾರನಿಗೆ ಒಂದೇ ಅಂಡರ್-19 ವಿಶ್ವಕಪ್ ಅನ್ನುವ ನಿಯಮ ಬಂತು. ವಯಸ್ಸಿದ್ದೂ ಇನ್ನೊಮ್ಮೆ ಆಡುವಂತಿಲ್ಲ. ಇದಕ್ಕಿಂತ ಕಟು ನಿಯಮ ಬೇರೆ ಬೇಕೇ? ಅದಕ್ಕಾಗಿ ಅವರು ಯಾರ ಮೇಲೂ ಕೂಗಾಡಬೇಕಾಗಲಿಲ್ಲ. 2018ರಲ್ಲಿ ಅವರ ತಂಡವೇ ಆ ಕಪ್ ಗೆದ್ದಿತು. ಉಳಿದ ಹಂತಗಳೆಲ್ಲ ಎರಡನೆಯ ಸಂಗತಿಯ ಬಗ್ಗೆ, ಅಂದರೆ ದನಿಯ ಬಗ್ಗೆ.

2. "ಬೈದರೆ ಸರಿಹೋಗ್ತಾರೆ" ಅನ್ನುವುದನ್ನು ಒಮ್ಮೆ ಲೆಕ್ಕ ಹಾಕಿ ನೋಡಿ

ಅನುಭವಿ ಕೋಚ್‌ಗಳು ಇದನ್ನು ಆಣೆ ಮಾಡಿ ಹೇಳುತ್ತಾರೆ. ಬೈದ ಮೇಲೆ ಮುಂದಿನ ಎಸೆತ ಸುಧಾರಿಸಿದೆ, ಹೊಗಳಿದ ಮೇಲೆ ಕೆಟ್ಟಿದೆ, ಕಣ್ಣಾರೆ ಕಂಡಿದ್ದೇವೆ ಅಂತ. ಅವರು ಕಂಡದ್ದು ಸುಳ್ಳಲ್ಲ. ಕಾರಣ ಮಾತ್ರ ಬೇರೆ.

ಉದಾಹರಣೆಗೆ ಒಬ್ಬ ಹುಡುಗಿ ಲಾಂಗ್ ಜಂಪ್‌ನಲ್ಲಿ ಸಾಮಾನ್ಯವಾಗಿ 4.20 ಮೀಟರ್ ಹಾರುತ್ತಾಳೆ ಅಂದುಕೊಳ್ಳಿ. ಒಂದು ಸಲ ಹೆಜ್ಜೆ ತಪ್ಪಿ 3.80 ಹಾರಿದಳು. ನೀವು ಗದರಿದಿರಿ. ಮುಂದಿನ ಸಲ 4.15. ಗದರಿದ್ದು ಕೆಲಸ ಮಾಡಿತು ಅನಿಸುತ್ತದೆ. ಸುಮ್ಮನಿದ್ದಿದ್ದರೂ ಅವಳು 4.20ರ ಆಸುಪಾಸಿಗೇ ಬರುತ್ತಿದ್ದಳು, ಯಾಕೆಂದರೆ ಅದು ಅವಳ ಸಹಜ ಅಳತೆ. ಹಾಗೆಯೇ 4.50 ಹಾರಿದ ದಿನ ಬೆನ್ನು ತಟ್ಟಿದಿರಿ, ಮುಂದಿನದು 4.25. ಹೊಗಳಿಕೆ ತಲೆಗೇರಿತು ಅಂತ ತೀರ್ಮಾನಿಸಿದಿರಿ. ಇಸ್ರೇಲಿನ ವಾಯುಪಡೆಯಲ್ಲಿ ವಿಮಾನ ಹಾರಿಸಲು ಕಲಿಸುತ್ತಿದ್ದ ತರಬೇತುದಾರರೂ ಹೀಗೇ ವಾದಿಸಿದ್ದರು. ಅವರಿಗೆ ಪಾಠ ಮಾಡಲು ಹೋಗಿದ್ದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ನೆಲದ ಮೇಲೆ ಗುರುತು ಹಾಕಿ, ಬೆನ್ನ ಹಿಂದಕ್ಕೆ ನೋಡದೆ ನಾಣ್ಯ ಎಸೆಯಲು ಹೇಳಿದರು. ಮೊದಲ ಎಸೆತ ಗುರಿಗೆ ಹತ್ತಿರ ಬಿದ್ದವರ ಎರಡನೆಯದು ಬಹುಮಟ್ಟಿಗೆ ದೂರ ಬಿತ್ತು, ದೂರ ಬಿದ್ದವರದು ಹತ್ತಿರ ಬಂತು. ಅಲ್ಲಿ ಯಾರೂ ಯಾರನ್ನೂ ಬೈದಿರಲಿಲ್ಲ. ಇದೇ ಕಾನೆಮನ್‌ಗೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಹಾಗಾಗಿ ಬೈದ ಫಲವನ್ನು ಮುಂದಿನ ಒಂದು ಹಾರುವಿಕೆಯಲ್ಲಿ ಅಳೆಯಬೇಡಿ. ಅಭ್ಯಾಸ ಮುಗಿಯುವವರೆಗೂ ಆ ಮಗುವಿನ ಮೇಲೊಂದು ಕಣ್ಣಿಡಿ, ಮಾರನೆಯ ದಿನ ಎಷ್ಟೊತ್ತಿಗೆ ಬಂತು, ಎಲ್ಲಿ ನಿಂತಿತು ನೋಡಿ. ವಾರದ ಕೊನೆಗೆ ಸರಾಸರಿ ಏರಿದೆಯೇ ನೋಡಿ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ಹಂತ ಪಾಲಿಸುವುದಾದರೆ ಇದನ್ನು ಪಾಲಿಸಿ ಅನ್ನುತ್ತೇನೆ.

3. ಒಂದು ನೋಟ್‌ಬುಕ್, ಮಗುವಿಗೊಂದು ಪುಟ

ಮೊದಲ ಎರಡು ವಾರ ಯಾರನ್ನೂ ಅಳೆಯಲು ಹೋಗದೆ ಬರೆದುಕೊಳ್ಳಿ. ಎಲ್ಲಿಂದ ಬರುತ್ತದೆ, ಬಸ್ಸೋ ನಡಿಗೆಯೋ. ಬೆಳಿಗ್ಗೆ ಏನು ತಿಂದು ಬರುತ್ತದೆ, ಅಥವಾ ಮಧ್ಯಾಹ್ನದ ಬಿಸಿಯೂಟವೇ ಮೊದಲ ಊಟವೇ. ಮನೆಯಲ್ಲಿ ಯಾವ ಭಾಷೆ. ಪಾವಗಡದ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು, ಶಿರಾ ಪೇಟೆಯಲ್ಲಿ ಉರ್ದು. ನೀವು ವೇಗವಾಗಿ ಕನ್ನಡದಲ್ಲಿ ಗದರಿದಾಗ ಆ ಮಗುವಿಗೆ ಸಿಟ್ಟಷ್ಟೇ ತಲುಪಿ ಸೂಚನೆ ತಲುಪದೆ ಇರಬಹುದು. ಇದಕ್ಕೆ ಮೊದಲು ಯಾರ ಬಳಿ ಕಲಿತಿದೆ, ಯಾಕೆ ಬಿಟ್ಟಿತು. ಮನೆಯಲ್ಲಿ ಹೊಡೆತ ಇದೆಯೇ ಅನ್ನುವುದನ್ನು ನೇರ ಕೇಳಬೇಡಿ, ನೀವು ಕೈ ಎತ್ತಿ ದಿಕ್ಕು ತೋರಿಸಿದಾಗ ಮಗು ತಲೆ ತಗ್ಗಿಸಿ ಹಿಂದೆ ಸರಿಯುತ್ತದೆಯೇ ಗಮನಿಸಿ. ಹೊಡೆತ ಕಂಡ ಮಗುವಿಗೆ ಏರಿದ ದನಿ ಅಂದರೆ ಹೊಡೆತದ ಮುನ್ಸೂಚನೆ. ಅದರ ಮೈಯೆಲ್ಲ ತಪ್ಪಿಸಿಕೊಳ್ಳುವ ತಯಾರಿಯಲ್ಲಿರುತ್ತದೆ, ನಿಮ್ಮ ಮಾತಿನ ಅರ್ಥ ತಲೆಗೆ ಹೋಗುವುದಿಲ್ಲ.

ಇನ್ನೊಂದು ಕಾಲಂ ತಪ್ಪದೆ ಇರಲಿ: ಎತ್ತರ. ಮೂರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಗುರುತು ಹಾಕಿ. ಹುಡುಗಿಯರು ಸುಮಾರು ಹನ್ನೆರಡಕ್ಕೆ, ಹುಡುಗರು ಸುಮಾರು ಹದಿನಾಲ್ಕಕ್ಕೆ ಅತಿ ವೇಗವಾಗಿ ಬೆಳೆಯುತ್ತಾರೆ. ಆ ವರ್ಷ ಎಂಟು ಹತ್ತು ಸೆಂಟಿಮೀಟರ್ ಏರಿದರೂ ಆಶ್ಚರ್ಯವಿಲ್ಲ. ಕೈಕಾಲು ಉದ್ದವಾಗಿ, ಹಳೆಯ ಲಯ ತಪ್ಪಿ, ನಿನ್ನೆ ಖೋ ಖೋದಲ್ಲಿ ಕಂಬದ ಬಳಿ ಚೆನ್ನಾಗಿ ಪೋಲ್ ಡೈವ್ ಹೊಡೆಯುತ್ತಿದ್ದ ಹುಡುಗ ಇವತ್ತು ತನ್ನ ಕಾಲಿಗೆ ತಾನೇ ತೊಡರಿ ಬೀಳುತ್ತಾನೆ. ಮಂಡಿಚಿಪ್ಪಿನ ಕೆಳಗಿನ ಮೂಳೆ ನೋಯುತ್ತದೆ, ಹಿಮ್ಮಡಿ ನೋಯುತ್ತದೆ. ನಮ್ಮ ಮೈದಾನಗಳಲ್ಲಿ ಈ ವಯಸ್ಸಿನವರಿಗೇ "ಕೊಬ್ಬು ಬಂದಿದೆ, ಸೋಮಾರಿಯಾಗಿದ್ದಾನೆ" ಅನ್ನುವ ಬಿರುದು ಹೆಚ್ಚು. ಪ್ರತಿಭೆ ಕೈಬಿಟ್ಟು ಹೋಗುವುದೂ ಇದೇ ಹೊತ್ತಿನಲ್ಲಿ. ಎತ್ತರದ ಗುರುತು ಜಿಗಿದಿದ್ದರೆ ಆ ಮೂರ್ನಾಲ್ಕು ತಿಂಗಳು ನೆಗೆತ ಕಡಿಮೆ ಮಾಡಿ, ಹಳೆಯ ಪಾಠವನ್ನೇ ನಿಧಾನಕ್ಕೆ ಮತ್ತೆ ಮಾಡಿಸಿ, ಮೈ ಬೆಳೀತಾ ಇದೆ ಕಣೋ, ಮತ್ತೆ ಸರಿಹೋಗುತ್ತೆ ಅಂತ ಹೇಳಿಬಿಡಿ. ಅಷ್ಟು ಹೇಳುವವರಿಲ್ಲದೆ ಎಷ್ಟು ಮಕ್ಕಳು ತಮಗೆ ಆಟವೇ ಮರೆತುಹೋಯಿತು ಅಂದುಕೊಂಡಿರುತ್ತಾರೋ.

4. ಗದರಿದಾಗ ಏನಾಗುತ್ತದೆ, ಓದಲು ಕಲಿಯಿರಿ

ಮಕ್ಕಳನ್ನು ವಿಂಗಡಿಸಿ ಡಬ್ಬಿಗೆ ಹಾಕುವುದು ನನಗೆ ಸೇರದು. ಇವತ್ತು ಒಂದು ಥರ ಇದ್ದ ಮಗು ಪರೀಕ್ಷೆ ವಾರ ಇನ್ನೊಂದು ಥರ ಇರುತ್ತದೆ. ಆದರೂ ಪ್ರತಿಕ್ರಿಯೆಗಳು ಕೆಲವೇ, ಗುರುತು ಹಿಡಿಯಬಹುದು.

ಕೆರಳುವವನು ಸುಲಭ. ಮುಖ ಕೆಂಪಾಗುತ್ತದೆ, ಕಣ್ಣು ನಿಮ್ಮ ಮೇಲೇ ಇರುತ್ತದೆ, ತೋರಿಸ್ತೀನಿ ಇರಿ ಅನ್ನುವ ಹಾಗೆ ಓಡುತ್ತಾನೆ. ಇವನಿಗೆ ಸವಾಲಿನ ಮಾತು ಒಗ್ಗುತ್ತದೆ. ಅಪಾಯ ಏನೆಂದರೆ, ಇವನ ಮೇಲೆ ಕೆಲಸ ಮಾಡಿದ್ದನ್ನೇ ನೀವು ಎಲ್ಲರ ಮೇಲೂ ಪ್ರಯೋಗಿಸುತ್ತೀರಿ. ಇನ್ನೊಂದು ಅಪಾಯ, ಬೈಯದಿದ್ದರೆ ಓಡುವುದಿಲ್ಲ ಅನ್ನುವ ಸ್ಥಿತಿಗೆ ಅವನೇ ಬಂದುಬಿಡುತ್ತಾನೆ. ನೀವಿಲ್ಲದ ದಿನ ಅವನೂ ಇಲ್ಲ.

ಎದುರು ಮಾತಾಡುವವಳನ್ನು ಕಂಡರೆ ನಮಗೆ ಆಗುವುದಿಲ್ಲ. ನಾನಂತೂ ಇವಳನ್ನು ಇಷ್ಟಪಡುತ್ತೇನೆ. "ಅಲ್ಲ ಸಾರ್, ಅವ್ಳು ಖೋ ಲೇಟಾಗಿ ಕೊಟ್ಳು" ಅನ್ನುವವಳು ಆಟವನ್ನು ನೋಡುತ್ತಿದ್ದಾಳೆ ಅಂತ ಅರ್ಥ. ಮಾತು ನಿಲ್ಲಿಸಿ, ಸಂಜೆ ಕೊನೆಗೆ ಹೇಳು ಅನ್ನಿ, ಮರೆಯದೆ ಕೇಳಿ.

ನಗುವವನಿದ್ದಾನೆ. ಬೈಯುತ್ತಿದ್ದರೆ ಹಲ್ಲು ಕಿರಿಯುತ್ತಾನೆ, ಕೋಚ್‌ಗೆ ಪಿತ್ತ ನೆತ್ತಿಗೇರುತ್ತದೆ. ಬಹಳ ಸಲ ಆ ನಗು ಭಯದ್ದು, ಅವಮಾನ ಮುಚ್ಚಿಕೊಳ್ಳುವುದು. ಗುಂಪಿನಿಂದ ಆಚೆ ಕರೆದು ಅದೇ ಮಾತು ಮೆಲ್ಲಗೆ ಹೇಳಿ ನೋಡಿ, ನಗು ಮಾಯವಾಗುತ್ತದೆ.

ಕಷ್ಟವಾದವಳು "ಹೂಂ ಸಾರ್" ಅನ್ನುವವಳು. ಗದರಿದಾಗ ಅಳುವುದಿಲ್ಲ, ವಾದ ಮಾಡುವುದಿಲ್ಲ, ತಲೆ ಆಡಿಸುತ್ತಾಳೆ. ಇವಳು ಗಟ್ಟಿ, ತಡೆದುಕೊಳ್ಳುತ್ತಾಳೆ ಅಂತ ನಾವು ನಂಬುತ್ತೇವೆ. ಆಮೇಲಿನ ಹತ್ತು ನಿಮಿಷ ನೋಡಿ: ಸಾಲಿನಲ್ಲಿ ಹಿಂದಕ್ಕೆ ಸರಿದಿರುತ್ತಾಳೆ, ಕಷ್ಟದ ಪ್ರಯತ್ನ ಬಿಟ್ಟು ತಪ್ಪಾಗದಂಥ ಸುಲಭದ್ದನ್ನೇ ಮಾಡುತ್ತಾಳೆ, ಪ್ರತಿ ಸಲ ಮುಗಿಸಿ ನಿಮ್ಮ ಮುಖ ನೋಡುತ್ತಾಳೆ. ಕಬಡ್ಡಿಯಲ್ಲಾದರೆ ರೇಡಿಗೆ ಹೋಗಿ ಒಳಗಿನ ಬೋನಸ್ ಗೆರೆಯವರೆಗೆ ಹೋಗದೆ, ದಾಟಲೇಬೇಕಾದ ಬಾಕ್ ಲೈನ್ ಅಷ್ಟನ್ನೇ ದಾಟಿ ವಾಪಸ್ಸು ಬರುತ್ತಾಳೆ. ಔಟ್ ಆಗುವುದಿಲ್ಲ, ಪಾಯಿಂಟೂ ತರುವುದಿಲ್ಲ. ಇವಳಲ್ಲಿ ಶಿಸ್ತಿಗೇನೂ ಕೊರತೆಯಿಲ್ಲ, ಹೋಗಿರುವುದು ಧೈರ್ಯ. ಇಂಥ ಮಗುವಿಗೆ ತಪ್ಪು ಮಾಡಲು ಅಪ್ಪಣೆ ಬೇಕು. "ಇವತ್ತು ಐದು ರೇಡಲ್ಲಿ ಮೂರರಲ್ಲಿ ಔಟ್ ಆದ್ರೂ ಪರವಾಗಿಲ್ಲಮ್ಮ, ಆದ್ರೆ ಐದರಲ್ಲೂ ಒಳಗೆ ನುಗ್ಗಿ ಬರ್ಬೇಕು" ಅನ್ನಿ. ಇದೂ ಬಿಗಿಯೇ. ಇನ್ನೂ ಹೆಚ್ಚಿನ ಬಿಗಿ.

ಇಂಥವರ ವಿಷಯದಲ್ಲಿ ಒಂದು ಹಳೆಯ ಅಧ್ಯಯನ ಇದೆ. ಅಮೆರಿಕದ ಸಿಯಾಟಲ್‌ನಲ್ಲಿ ರೊನಾಲ್ಡ್ ಸ್ಮಿತ್ ಮತ್ತು ಫ್ರ್ಯಾಂಕ್ ಸ್ಮೋಲ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಚಿಕ್ಕದೊಂದು ತರಬೇತಿ ಕೊಟ್ಟರು: ಸರಿ ಮಾಡಿದಾಗ ಗುರುತಿಸಿ, ತಪ್ಪಿದಾಗ ಧೈರ್ಯ ಹೇಳಿ ತಿದ್ದುವ ದಾರಿ ತೋರಿಸಿ, ದಂಡನೆ ಬಿಡಿ. 1992ರಲ್ಲಿ ಪ್ರಕಟವಾದ ಲೆಕ್ಕದಂತೆ ಮುಂದಿನ ವರ್ಷ ಆ ಕೋಚ್‌ಗಳ ಮಕ್ಕಳಲ್ಲಿ ಆಟ ಬಿಟ್ಟವರು ಶೇ. 5, ಮಿಕ್ಕ ಕೋಚ್‌ಗಳ ಮಕ್ಕಳಲ್ಲಿ ಶೇ. 26. ಸೋಲು ಗೆಲುವಿನಲ್ಲಿ ಎರಡೂ ಗುಂಪಿಗೆ ವ್ಯತ್ಯಾಸವಿರಲಿಲ್ಲ. ಅವರ ಕೆಲಸದಲ್ಲಿ ಹೆಚ್ಚು ಲಾಭ ಕಂಡದ್ದು ತಮ್ಮ ಬಗ್ಗೆ ತಮಗೇ ನಂಬಿಕೆ ಕಡಿಮೆಯಿದ್ದ ಮಕ್ಕಳಿಗೆ. ಅಂದರೆ ನಮ್ಮ "ಹೂಂ ಸಾರ್"ಗಳಿಗೆ.

5. ಗಟ್ಟಿ ಮಾತು ಆಡುವ ಕ್ರಮ

ತಪ್ಪು ಕಂಡ ಕೂಡಲೇ ಬಾಯಿ ತೆರೆಯುವ ಬದಲು ಅದೇ ತಪ್ಪು ಎರಡನೆಯ ಸಲ ಆಗುವವರೆಗೆ ಕಾಯಿರಿ. ಮೊದಲ ಸಲದ್ದನ್ನು ಎಷ್ಟೋ ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ.

ಮಾತು ಮಗುವಿನ ಮೇಲಲ್ಲ, ಮೈಯ ಒಂದು ಭಾಗದ ಮೇಲೆ ಇರಲಿ. "ನಿನಗೆ ಯಾವತ್ತೂ ಬುದ್ಧಿ ಬರಲ್ಲ" ಅಂದರೆ ಅವನು ಏನು ಮಾಡಬೇಕು? "ಬ್ಯಾಟನ್ ಇಸ್ಕೊಳ್ಳೋವಾಗ ಹಿಂದಕ್ಕೆ ತಿರುಗಿ ನೋಡ್ತೀಯ, ಅಲ್ಲೇ ಸ್ಪೀಡು ಹೋಗುತ್ತೆ. ಕೈ ಹಿಂದಕ್ಕೆ ಚಾಚಿ ಮುಂದೆ ನೋಡ್ಕೊಂಡು ಓಡು" ಅಂದರೆ ಮಾಡಲು ಕೆಲಸ ಸಿಕ್ಕಿತು. ಎರಡನ್ನೂ ಒಂದೇ ಗಟ್ಟಿ ದನಿಯಲ್ಲಿ ಹೇಳಬಹುದು, ನನ್ನ ತಕರಾರಿಲ್ಲ. ಒಂದು ಸಲಕ್ಕೆ ಒಂದೇ ತಿದ್ದುಪಡಿ. ಹೇಳಿದ ಮೇಲೆ ತಕ್ಷಣ ಇನ್ನೊಂದು ಅವಕಾಶ ಕೊಡಿ. ಬೈದು ಕೂರಿಸಿದರೆ ಬೈಗುಳವಷ್ಟೇ ಮನೆಗೆ ಹೋಗುತ್ತದೆ. ಸರಿ ಮಾಡಿದರೆ "ಹಾಂ, ಈಗ ಬಂತು ನೋಡು" ಅಂದರೆ ಸಾಕು, ಹಾರ ತುರಾಯಿ ಬೇಡ.

ತಂಡದ ತಪ್ಪನ್ನು ತಂಡದ ಎದುರು, ಒಬ್ಬರದನ್ನು ಒಬ್ಬರ ಎದುರು. ಹದಿಮೂರು ಹದಿನಾಲ್ಕರ ಮಗುವಿಗೆ ನೀವು ಹೇಳಿದ್ದಕ್ಕಿಂತ ಯಾರ ಮುಂದೆ ಹೇಳಿದಿರಿ ಅನ್ನುವುದು ನಾಟುತ್ತದೆ. ಹುಡುಗಿಯರ ಸಾಲಿನ ಮುಂದೆ ಹುಡುಗನನ್ನು, ಹುಡುಗರ ಮುಂದೆ ಹುಡುಗಿಯನ್ನು ಹಂಗಿಸುವ ಚಾಳಿ ಇದ್ದರೆ ಇವತ್ತೇ ಬಿಡಿ. ಹಾಸ್ಟೆಲ್ ಮಕ್ಕಳಾದರೆ ಇನ್ನೂ ಎಚ್ಚರ, ಮೈದಾನದ ಅಡ್ಡಹೆಸರು ರಾತ್ರಿ ಊಟದ ಸಾಲಿಗೂ ಹೋಗುತ್ತದೆ.

ಎಲ್ಲಿ ಕೂಗಬಹುದು, ಎಲ್ಲಿ ಕೂಡದು ಅನ್ನುವುದಕ್ಕೂ ಆಧಾರ ಇದೆ. 1908ರಲ್ಲಿ ಯರ್ಕ್ಸ್ ಮತ್ತು ಡಾಡ್ಸನ್ ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಕೆಲಸ ಸುಲಭವಿದ್ದಾಗ ಹೆಚ್ಚಿನ ಒತ್ತಡ ಸಹಾಯ ಮಾಡಿತು, ಕೆಲಸ ಸೂಕ್ಷ್ಮವಾದಷ್ಟೂ ಸ್ವಲ್ಪ ಒತ್ತಡಕ್ಕೇ ಕಲಿಕೆ ಕೆಟ್ಟಿತು. ಇಲಿಯ ಮಾತನ್ನು ಹಾಗೇ ಮಗುವಿಗೆ ಹೊಂದಿಸಲಾಗದು, ಆದರೆ ಮೈದಾನದಲ್ಲಿ ನಿಂತವರಿಗೆ ಇದು ಹೊಸದೇನಲ್ಲ. 800 ಮೀಟರ್ ಓಟದ ಕೊನೆಯ ತಿರುವಿನಲ್ಲಿ ಗಂಟಲು ಹರಿಯುವ ಹಾಗೆ ಕೂಗಿ. ಹೈಜಂಪ್ ಓಟ ಶುರು ಮಾಡುವವಳಿಗೆ, ಜಾವೆಲಿನ್ ಹಿಡಿದವನಿಗೆ, ಕಬಡ್ಡಿಯಲ್ಲಿ ಪಾಯಿಂಟ್ ತರದಿದ್ದರೆ ಔಟ್ ಅನ್ನುವ ಡೂ ಆರ್ ಡೈ ರೇಡಿಗೆ ಹೊರಟವನಿಗೆ ಬಾಯಿ ಮುಚ್ಚಿಕೊಂಡಿರುವುದೇ ಸಹಾಯ.

6. ಓಟವನ್ನು ಶಿಕ್ಷೆ ಮಾಡಬೇಡಿ

ತಪ್ಪಿದ್ದಕ್ಕೆ ಗ್ರೌಂಡು ಐದು ಸುತ್ತು. ಎಲ್ಲ ಶಾಲೆಯಲ್ಲೂ ಇದೆ. ಓಟವನ್ನು ಪ್ರೀತಿಸಬೇಕಾದ ಮಗುವಿಗೆ ಓಟವೇ ದಂಡ ಅಂತ ವರ್ಷವಿಡೀ ಕಲಿಸಿ, ಆಮೇಲೆ ಕ್ರಾಸ್ ಕಂಟ್ರಿಗೆ ಹೆಸರು ಕೊಡುವವರೇ ಇಲ್ಲ ಅಂತ ಗೊಣಗುತ್ತೇವೆ. ದಂಡ ಬೇಕೇ ಬೇಕಾದರೆ ಆಟ ಅಲ್ಲದ್ದು ಇರಲಿ: ಮ್ಯಾಟ್ ಸುತ್ತಿಡುವುದು, ಸುಣ್ಣದ ಗೆರೆ ಹಾಕುವುದು. ನೀರು ಕುಡಿಯುವುದನ್ನು ತಡೆಯುವ ಶಿಕ್ಷೆಯಂತೂ ಯಾವ ಕಾರಣಕ್ಕೂ ಬೇಡ, ಬಿಸಿಲಿನಲ್ಲಿ ಅದು ಜೀವದ ಪ್ರಶ್ನೆ.

7. ಒತ್ತಡ ತಡೆಯುವುದನ್ನು ಪಾಠವಾಗಿಯೇ ಮಾಡಿ

ಬೈದು ಬೈದು ಗಟ್ಟಿ ಮಾಡುತ್ತೇನೆ ಅನ್ನುವವರಿಗೆ ನನ್ನ ಉತ್ತರ ಇದು. ಗಟ್ಟಿಯಾಗಬೇಕು, ನಿಜ. ಕೂಟದಲ್ಲಿ ಜನ ಕೂಗುತ್ತಾರೆ, ಅಂಪೈರ್ ತಪ್ಪು ತೀರ್ಪು ಕೊಡುತ್ತಾರೆ, ಎದುರು ತಂಡ ಕೆಣಕುತ್ತದೆ. ಅದನ್ನೇ ಅಭ್ಯಾಸಕ್ಕೆ ತನ್ನಿ, ಆದರೆ ಮೊದಲೇ ಹೇಳಿ ತನ್ನಿ. "ಇವತ್ತು ಕೊನೆ ಇಪ್ಪತ್ತು ನಿಮಿಷ ನಾನು ಬೇಕಂತಲೇ ನಿಮಗೆ ವಿರುದ್ಧವಾಗಿ ಸೀಟಿ ಊದ್ತೀನಿ. ಏನು ಮಾಡ್ತೀರಿ ನೋಡೋಣ." ಮಿಕ್ಕವರು ಸುತ್ತ ನಿಂತು ಗಲಾಟೆ ಮಾಡಲಿ. ವಾರಕ್ಕೊಮ್ಮೆ ಸಾಕು. ಸಿದ್ಧವಿಲ್ಲದ ಮಗು ಈ ವಾರ ಗಲಾಟೆ ಮಾಡುವ ಗುಂಪಿನಲ್ಲಿರಲಿ, ಮುಂದಿನ ವಾರ ಆಡಲಿ. ಹೊಲಕ್ಕೆ ನೀರು ಕಟ್ಟಿದ ಹಾಗೆ, ಮಡಿ ತುಂಬುವಷ್ಟು ಬಿಟ್ಟು ತಿರುಗಿಸಬೇಕು. ಬದು ಒಡೆದ ಮೇಲೆ ಏನೂ ನಿಲ್ಲುವುದಿಲ್ಲ.

ಬ್ಯಾಡ್ಮಿಂಟನ್ ಕೋಚ್ ಪುಲ್ಲೇಲ ಗೋಪಿಚಂದ್ ಅವರ ಮಾತನ್ನು ಬಿಗಿ ಕೋಚ್‌ಗಳೆಲ್ಲ ಎತ್ತುತ್ತಾರೆ. 2016ರ ರಿಯೊ ಒಲಿಂಪಿಕ್ಸ್‌ಗೆ ಮುನ್ನ ಪಿ.ವಿ. ಸಿಂಧು ಅವರ ಮೊಬೈಲನ್ನು ತಿಂಗಳುಗಟ್ಟಲೆ ಇಟ್ಟುಕೊಂಡರು, ಮೆತ್ತಗಿದ್ದ ಹುಡುಗಿಯನ್ನು ಅಂಗಳದಲ್ಲಿ ನಿಲ್ಲಿಸಿ ಜೋರಾಗಿ ಕೂಗು ಅಂತ ಒತ್ತಾಯಿಸಿದರು, ಬೆಳ್ಳಿ ಬಂತು. ಸರಿ. ಆದರೆ ಆ ಹೊತ್ತಿಗೆ ಸಿಂಧು ಬಾಲ್ಯದಿಂದ ಅವರ ಬಳಿ ಕಲಿತು ವರ್ಷಗಳಾಗಿದ್ದವು. ಅದೇ ಗೋಪಿಚಂದ್ ಬಳಿಯಿದ್ದ ಸೈನಾ ನೆಹ್ವಾಲ್ 2014ರಲ್ಲಿ ಬೆಂಗಳೂರಿಗೆ ಬಂದು ವಿಮಲ್ ಕುಮಾರ್ ಅವರ ಕೈಕೆಳಗೆ ಆಡಿ, 2015ರಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದರು, 2017ರಲ್ಲಿ ಹಿಂದಿರುಗಿದರು. ಒಬ್ಬರಿಗೆ ಒಗ್ಗಿದ ಕೋಚ್ ಇನ್ನೊಬ್ಬರಿಗೆ ಎಲ್ಲ ಕಾಲಕ್ಕೂ ಒಗ್ಗಬೇಕೆಂದಿಲ್ಲ. ಮೊನ್ನೆ ಸೇರಿದ ಏಳನೇ ಕ್ಲಾಸಿನ ಮಗುವಿನ ಮೇಲೆ ಒಲಿಂಪಿಕ್ಸಿನ ಕಥೆ ಪ್ರಯೋಗಿಸಬೇಡಿ.

8. ಹುಡುಗಿಯರ ತಂಡಕ್ಕೆ ಎರಡು ಮಾತು

ಹುಡುಗಿಯರು ಮೆತ್ತಗೆ, ಅವರನ್ನು ಬೈಯಬಾರದು ಅನ್ನುವುದು ತಪ್ಪು ತಿಳಿವಳಿಕೆ. ಎಷ್ಟೋ ಹುಡುಗಿಯರು ಹುಡುಗರಿಗಿಂತ ಚೆನ್ನಾಗಿ ಕಟು ಮಾತು ತಗೊಳ್ಳುತ್ತಾರೆ. ಸಮಸ್ಯೆ ಬೇರೆ ಕಡೆ ಇದೆ. ಉಸಿರು ಬೇಗ ಕಟ್ಟುವ, ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಂಡ ಹುಡುಗಿಗೆ ಬೇಕಾದದ್ದು ರಕ್ತಪರೀಕ್ಷೆ, ಗದರಿಕೆಯಲ್ಲ. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆ ನುಂಗುತ್ತಿದ್ದಾಳೋ ಎಸೆಯುತ್ತಿದ್ದಾಳೋ ಮೇಡಂ ಒಬ್ಬರು ವಿಚಾರಿಸಲಿ. ಮುಟ್ಟಿನ ದಿನ "ಇವತ್ತು ಆಗಲ್ಲ ಸಾರ್" ಅಂದರೆ ಕಾರಣ ಕೇಳದೆ ಹಗುರದ ಕೆಲಸ ಕೊಡಿ. ತೂಕದ ಬಗ್ಗೆ, ಮೈಯ ಬಗ್ಗೆ ತಮಾಷೆಗೂ ಮಾತು ಬೇಡ. ಒಬ್ಬಳೊಂದಿಗೆ ಮಾತಾಡಬೇಕಾದಾಗ ಎಲ್ಲರಿಗೂ ಕಾಣುವ, ಯಾರಿಗೂ ಕೇಳದ ಜಾಗದಲ್ಲಿ ನಿಂತು ಮಾತಾಡಿ.

9. ಅಪ್ಪ ಅಮ್ಮ ಬಂದಾಗ

"ನಾಲ್ಕು ಬಾರಿಸಿ ಸಾರ್, ನಮ್ಮದೇನೂ ಅಭ್ಯಂತರ ಇಲ್ಲ" ಅನ್ನುವ ಅಪ್ಪ ಪ್ರತಿ ಊರಲ್ಲೂ ಇದ್ದಾರೆ. ಮಗುವಿನ ಎದುರೇ ಉತ್ತರಿಸಿ: "ಬಾರಿಸೋದು ನನ್ನ ಕೆಲಸ ಅಲ್ಲ ಅಣ್ಣ, ಟೈಮಿಗೆ ಕಳಿಸಿ, ಒಂದು ಮೊಟ್ಟೆ ಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ." ಕೂಟದ ದಿನ ಬೇಲಿಯಾಚೆಯಿಂದ ಕೂಗುವವರಿಗೆ ಮೊದಲೇ ಹೇಳಿಡಿ, ಹೆಸರು ಕೂಗಬಹುದು, ಸೂಚನೆ ಕೊಡುವಂತಿಲ್ಲ. ಬೈದ ದಿನ ಮಗು ಮನೆಯಲ್ಲಿ ಹೇಳುವ ಮುಂಚೆ ನೀವೇ ಫೋನ್ ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

10. ಬಿಟ್ಟುಹೋದ ಮಗುವನ್ನು ಕರೆತರುವುದು

ಮೂರು ದಿನ ಬಾರದಿದ್ದರೆ ಗೆಳೆಯರ ಕೈಲಿ ಹೇಳಿ ಕಳಿಸಬೇಡಿ. ನೀವೇ ಮಾತಾಡಿ. ಫೋನಿನಲ್ಲಿ ಮೊದಲ ಮಾತು "ಯಾಕೋ ಬರ್ಲಿಲ್ಲ" ಆಗದಿರಲಿ, ಆ ಪ್ರಶ್ನೆಗೆ ಜ್ವರ ಅನ್ನುವ ಸುಳ್ಳೊಂದೇ ಉತ್ತರ. "ಮೊನ್ನೆ ನಾನು ಎಲ್ಲರ ಮುಂದೆ ಹಾಗೆ ಅಂದಿದ್ದು ಜಾಸ್ತಿ ಆಯ್ತು. ನಿನ್ನ ಸ್ಟಾರ್ಟಿಂಗ್ ಮಾತ್ರ ಸರಿ ಆಗ್ಬೇಕು, ಅದನ್ನ ನಾಳೆ ಇಬ್ರೇ ನೋಡೋಣ, ಹತ್ತು ನಿಮಿಷ ಮುಂಚೆ ಬಾ." ತಪ್ಪು ಮಾತಿಗೆ ಕ್ಷಮೆ ಸಿಕ್ಕಿತು, ನಿಯಮ ಸಡಿಲವಾಗಲಿಲ್ಲ. ಬಂದ ದಿನ ಹಳೆಯದನ್ನು ಕೆದಕಬೇಡಿ, ಉಳಿದವರಿಗೂ ಕೆದಕಲು ಬಿಡಬೇಡಿ.

ಎರಡು ಸಲ ಕರೆದರೂ ಬಾರದಿದ್ದರೆ ಆಟ ಬದಲಿಸುವ ಬಗ್ಗೆ ಕೇಳಿ. ಕಬಡ್ಡಿಯ ಗದ್ದಲ ಸೇರದವನಿಗೆ ಓಟ ಸೇರಬಹುದು. ನಿಮ್ಮ ಶೈಲಿಯೇ ಸೇರದಿದ್ದರೆ ಪಕ್ಕದ ಶಾಲೆಯ ಮೇಷ್ಟ್ರಿಗೋ, ಸ್ಟೇಡಿಯಂನಲ್ಲಿ ಕಲಿಸುವ ಇನ್ನೊಬ್ಬ ಕೋಚ್‌ಗೋ ನೀವೇ ಫೋನ್ ಮಾಡಿ ಸೇರಿಸಿ. ಮನೆಯ ಸಂಗತಿಗಳನ್ನು ಬಿಟ್ಟು, ನೋಟ್‌ಬುಕ್ಕಿನ ಆ ಪುಟದಿಂದ ಎತ್ತರ, ನೋವು, ಯಾವ ಮಾತಿಗೆ ಅರಳುತ್ತಾನೆ, ಯಾವುದಕ್ಕೆ ಮುದುಡುತ್ತಾನೆ ಅನ್ನುವಷ್ಟನ್ನು ಬರೆದು ಆ ಕೋಚ್ ಕೈಗೆ ಕೊಡಿ.